ನೀರು ಯಾರಿಗೆ, ಯಾರಿಗಿಲ್ಲ

ಬಿಸಿಗಾಳಿಯ ದಿನಗಳಲ್ಲಿ ತೋಟ ಇಟ್ಟುಕೊಂಡವರ ಕೈ ಸುಮ್ಮನಿರುವುದಿಲ್ಲ. ಎಲೆ ಜೋತುಬಿದ್ದರೆ ಪೈಪ್ ಹಿಡಿದು ಓಡುತ್ತೇವೆ. ಎಲೆಯ ಅಂಚು ಕಂದಿದ್ದು ಕಂಡರೆ ಕತ್ತರಿ ತೆಗೆಯುತ್ತೇವೆ. ಗಿಡ ಸೊರಗಿದೆ, ಒಂದಿಷ್ಟು ಗೊಬ್ಬರ ಹಾಕಿದರೆ ಚೇತರಿಸಿಕೊಂಡೀತು ಅಂತ ಗೊಬ್ಬರವನ್ನೂ ಹಾಕುತ್ತೇವೆ. ಇವುಗಳಲ್ಲಿ ಕೊನೆಯ ಎರಡು ಗಿಡಕ್ಕೆ ನೇರವಾಗಿ ಕೆಡುಕು. ಮೊದಲನೆಯದು ಹೆಚ್ಚಿನ ಸಲ ದಂಡ.

ನನ್ನನ್ನು ಕೇಳಿದರೆ, ಬಿಸಿಲು ವಿಪರೀತವಾದ ವಾರದಲ್ಲಿ ತೋಟದ ಕೆಲಸದ ಮುಕ್ಕಾಲು ಪಾಲು ಕೈ ಕಟ್ಟಿಕೊಳ್ಳುವುದೇ. ಉಳಿದ ಕಾಲು ಪಾಲು ಒಂದು ತೀರ್ಮಾನ: ಇರುವ ನೀರು ಯಾರಿಗೆ, ಯಾರಿಗಿಲ್ಲ. ಮನೆ ಪಕ್ಕದಲ್ಲೇ ತೋಟ ಇದ್ದವರು ಈ ತೀರ್ಮಾನವನ್ನು ಸ್ವಲ್ಪ ದಿನ ಮುಂದೂಡಬಹುದು. ಮನೆಯಿಂದ ದೂರ, ನಾಲ್ಕಾರು ಜನ ಹಂಚಿಕೊಂಡ ಜಾಗದಲ್ಲಿ ಒಂದು ತುಂಡು ನೆಲ ಹಿಡಿದು ತರಕಾರಿ ಬೆಳೆಯುವವರಿಗೆ ಆ ಅವಕಾಶ ಇಲ್ಲ. ಅಲ್ಲಿ ನಲ್ಲಿ ಒಂದೇ. ಪಕ್ಕದವರೂ ಬಕೆಟ್ ಹಿಡಿದು ಕಾಯುತ್ತಿರುತ್ತಾರೆ. ದಿನಕ್ಕೆ ಒಂದು ಸಲ ಹೋಗಿ ಬರುವುದೇ ಹೆಚ್ಚು.

ಮೊದಲು ಈ ಜೋತುಬಿದ್ದ ಎಲೆಯ ವಿಷಯ. ಮಧ್ಯಾಹ್ನ ಎರಡು ಗಂಟೆಗೆ ಕುಂಬಳದ ಬಳ್ಳಿಯ ಹತ್ತಿರ ಕೂತು ನೋಡಿ. ಅಗಲವಾದ ಎಲೆಗಳೆಲ್ಲ ಅಂಚು ಮಡಚಿಕೊಂಡು ಕೆಳಗೆ ಬಾಗಿರುತ್ತವೆ. ತೊಟ್ಟು ಮುಟ್ಟಿದರೆ ಮೆತ್ತಗೆ. ಆದರೆ ಬಳ್ಳಿಯ ತುದಿ, ಆ ಎಳೇ ಕುಡಿ, ಇನ್ನೂ ತಲೆ ಎತ್ತಿಕೊಂಡೇ ಇರುತ್ತದೆ. ಬುಡದಲ್ಲಿ ಬೆರಳು ಚುಚ್ಚಿದರೆ ಎರಡನೇ ಗೆಣ್ಣಿನ ಹತ್ತಿರ ತಂಪು ಸಿಗುತ್ತದೆ. ಅಂದರೆ ನೀರಿದೆ. ಬೇರು ಎಳೆದುಕೊಳ್ಳುವ ನೀರಿನಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಎಲೆಯ ಸಣ್ಣ ಸಣ್ಣ ರಂಧ್ರಗಳಿಂದ ಆವಿಯಾಗಿ ಹೊರಗೇ ಹೋಗುತ್ತದೆ. ಗಿಡ ತನ್ನ ಮೈ ತಂಪಾಗಿಟ್ಟುಕೊಳ್ಳುವುದು ಹಾಗೆ. ಮಧ್ಯಾಹ್ನದ ಬಿಸಿಲಲ್ಲಿ ಹೊರಗೆ ಹೋಗುವ ವೇಗಕ್ಕೆ ಬೇರು ಸರಿಸಮ ಎಳೆಯಲಾರದು. ಆಗ ಗಿಡ ರಂಧ್ರ ಮುಚ್ಚುತ್ತದೆ, ಎಲೆ ಇಳಿಬಿಡುತ್ತದೆ. ಇಳಿಬಿದ್ದ ಎಲೆಯ ಮೇಲೆ ಬಿಸಿಲು ನೇರವಾಗಿ ಬೀಳುವುದಿಲ್ಲ. ಸಂಜೆ ಹೊತ್ತಿಗೆ ಯಾರೂ ಒಂದು ಹನಿ ಹಾಕದಿದ್ದರೂ ಎಲೆ ಮತ್ತೆ ನೆಟ್ಟಗಾಗುತ್ತದೆ.

ಹಾಗಾಗಿ ಗಿಡಕ್ಕೆ ನಿಜವಾಗಿ ಬಾಯಾರಿದೆಯೋ ಇಲ್ಲವೋ ಅಂತ ನೋಡಬೇಕಾದ ಹೊತ್ತು ಬೆಳಗಿನ ಜಾವ. ಸೂರ್ಯ ಹುಟ್ಟುವ ಮೊದಲೇ ಎಲೆ ಬಾಡಿದ್ದರೆ ಅದು ನಿಜವಾದ ದಾಹ. ಆಗ ತಡ ಮಾಡಬಾರದು. ಮೂರನೆಯ ಒಂದು ಸಾಧ್ಯತೆಯೂ ಇದೆ, ಅದನ್ನು ಬಹಳ ಜನ ಮರೆಯುತ್ತಾರೆ. ಮಣ್ಣು ಒದ್ದೆಯಾಗಿದೆ, ಬೆಳಗ್ಗೆಯೂ ಎಲೆ ಬಾಡಿದೆ ಅಂದರೆ ಬೇರು ಕೊಳೆಯುತ್ತಿರಬಹುದು. ಬಿಸಿಲು ಜಾಸ್ತಿ ಅಂತ ಮೂರು ಹೊತ್ತೂ ನೀರು ಕುಡಿಸಿದ ಕುಂಡಗಳ ಕಥೆ ಮುಗಿಯುವುದು ಬಹುತೇಕ ಹೀಗೇ. ಅದಕ್ಕೆ ಇನ್ನಷ್ಟು ನೀರು ಹಾಕಿದರೆ ಮುಗಿಯಿತು.

ಈಗ ಒಂದು ಸಣ್ಣ ಲೆಕ್ಕ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಸಮನಾಗಿ ಹರಡಿದರೆ ಅದರ ಎತ್ತರ ಒಂದು ಮಿಲಿಮೀಟರ್. ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುವುದರ ಅನುಕೂಲ ಇದೇ. ಎಲೆ ತುಂಬಿಕೊಂಡ ತರಕಾರಿ ಪಾತಿಯೊಂದು ಸುಡುಬಿಸಿಲಿನ ದಿನ ಐದಾರು ಮಿಲಿಮೀಟರ್ ನೀರನ್ನು ಗಾಳಿಗೆ ಬಿಡುತ್ತದೆ. ಗಾಳಿ ಜೋರಾಗಿದ್ದರೆ ಇನ್ನೂ ಹೆಚ್ಚು. ಹತ್ತು ಚದರ ಮೀಟರ್ ಪಾತಿಗೆ ಅದು ದಿನಕ್ಕೆ 50ರಿಂದ 60 ಲೀಟರ್. ಹತ್ತು ಲೀಟರ್ ಹಿಡಿಯುವ ಒಂದು ಕ್ಯಾನ್ ನೀರನ್ನು ಅಷ್ಟೂ ಪಾತಿಗೆ ಚಿಮುಕಿಸಿ ಬಂದೆವು ಅಂದರೆ ನಾವು ಕೊಟ್ಟದ್ದು ಒಂದು ಮಿಲಿಮೀಟರ್. ಅದು ಬೇರಿನ ತನಕ ಇಳಿಯುವುದೇ ಇಲ್ಲ, ಬೆಳಗ್ಗೆ ಹತ್ತು ಗಂಟೆಯೊಳಗೆ ಆರಿ ಹೋಗುತ್ತದೆ. ನಮ್ಮ ಮನಸ್ಸಿಗೆ ಸಮಾಧಾನ, ಅಷ್ಟೇ.

ನಂಬಿಕೆ ಬರದಿದ್ದರೆ ನೀರು ಹಾಕಿ ಅರ್ಧ ಗಂಟೆ ಬಿಟ್ಟು ಸಣ್ಣ ಗುದ್ದಲಿಯಿಂದ ಒಂದು ಕಡೆ ಮಣ್ಣು ಬಿಡಿಸಿ ನೋಡಿ. ಮೇಲೆ ಕಪ್ಪಗೆ, ಒದ್ದೆಯಾದ ಒಂದು ಪದರ, ಬೆರಳಿನ ಉಗುರಿನಷ್ಟು ದಪ್ಪ. ಅದರ ಕೆಳಗೆ ಬಿಳಿಚಿಕೊಂಡ ಧೂಳು. ಕೈಯಲ್ಲಿ ಹಿಡಿದರೆ ಉಂಡೆ ಕಟ್ಟುವುದಿಲ್ಲ, ಬೆರಳ ಸಂದಿಯಿಂದ ಜಾರಿ ಹೋಗುತ್ತದೆ. ಬೇರುಗಳಿರುವುದು ಆ ಧೂಳಿನಲ್ಲಿ. ದಿನವೂ ಹೀಗೆ ಮೇಲೆ ಮೇಲೆ ಒದ್ದೆ ಮಾಡುತ್ತಿದ್ದರೆ ಇನ್ನೊಂದು ತೊಂದರೆ ಇದೆ. ಬೇರುಗಳೂ ನೀರು ಹುಡುಕಿಕೊಂಡು ಮೇಲಕ್ಕೇ ಬರುತ್ತವೆ. ಮೇಲಿನ ಮಣ್ಣೇ ಅತಿ ಹೆಚ್ಚು ಕಾಯುವುದು. ಬರಿ ನೆಲದ ಮೇಲ್ಮೈ ಇಂಥ ದಿನಗಳಲ್ಲಿ 50 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ.

ಆದ್ದರಿಂದ ಎಲ್ಲರಿಗೂ ಒಂದೊಂದು ಗುಟುಕು ಕೊಡುವುದಕ್ಕಿಂತ ಕೆಲವರಿಗೆ ಹೊಟ್ಟೆ ತುಂಬ ಕೊಡುವುದು ವಾಸಿ. ಇವತ್ತು ಅರ್ಧ ಪಾತಿಗೆ, ನಾಳೆ ಇನ್ನರ್ಧಕ್ಕೆ. ನಿಧಾನವಾಗಿ, ಬುಡಕ್ಕೆ, ಮಣ್ಣು ಹೀರಿಕೊಂಡ ಮೇಲೆ ಇನ್ನೊಂದು ಸಲ.

ಯಾರಿಗೆ ಮೊದಲು? ನನ್ನ ಸಾಲು ಹೀಗಿದೆ. ಮೊದಲು ಎಳೇ ಸಸಿಗಳು, ಅವುಗಳ ಬೇರು ಇನ್ನೂ ಬೆರಳುದ್ದ. ಜೊತೆಗೇ ಕುಂಡಗಳು, ಅವುಗಳಿಗೆ ಆಳದಲ್ಲಿ ಹುಡುಕಲು ಬೇರೆ ನೆಲವೇ ಇಲ್ಲ. ಆಮೇಲೆ ನೆಟ್ಟು ಒಂದೆರಡು ವರ್ಷವೂ ಆಗದ ಮರದ ಗಿಡಗಳು. ಒಂದು ಬೆಳೆ ತರಕಾರಿ ಹೋದರೆ ಮತ್ತೆ ಬಿತ್ತಬಹುದು, ಮರ ಹೋದರೆ ವರ್ಷಗಳೇ ಹೋದವು. ಅದಾದ ಮೇಲೆ ಹೂ, ಕಾಯಿ ಹಿಡಿದಿರುವ ಟೊಮೆಟೊ, ಸೌತೆ, ಹುರುಳಿಕಾಯಿ. ಸೌತೆಗೆ ನೀರು ಕಡಿಮೆಯಾದರೆ ಕಾಯಿ ಕಹಿಯಾಗುವುದುಂಟು. ಬೇರೂರಿದ ಹೂಗಿಡ, ಪೊದೆ, ದೊಡ್ಡ ಮರಗಳು ಕೊನೆಗೆ.

ಹುಲ್ಲುಹಾಸು ಈ ಸಾಲಿನಲ್ಲೇ ಇಲ್ಲ. ಹುಲ್ಲು ಒಣಗಿ ಕಂದುಬಣ್ಣಕ್ಕೆ ತಿರುಗಿದರೆ ಸತ್ತಿತು ಅಂತಲ್ಲ, ಮಲಗಿದೆ ಅಂತ. ಮಳೆ ಬಂದರೆ ಮತ್ತೆ ಹಸಿರಾಗುತ್ತದೆ. ತರಕಾರಿ ಒಣಗುತ್ತಿರುವಾಗ ಹುಲ್ಲಿಗೆ ಸ್ಪ್ರಿಂಕ್ಲರ್ ಬಿಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಕತ್ತರಿಸಲೇಬೇಕು ಅಂದರೆ ಯಂತ್ರದ ಅಲಗು ಎತ್ತರಕ್ಕೆ ಏರಿಸಿ. ಉದ್ದ ಹುಲ್ಲು ತನ್ನ ಬುಡಕ್ಕೆ ತಾನೇ ನೆರಳು ಮಾಡಿಕೊಳ್ಳುತ್ತದೆ.

ಹೊತ್ತಿನ ಬಗ್ಗೆ ಹೇಳುವುದಾದರೆ ಬೆಳಗಿನ ಜಾವವೇ ಒಳ್ಳೆಯದು. ನೆಲ ತಂಪಾಗಿರುತ್ತದೆ, ಗಾಳಿ ಕಡಿಮೆ, ದಿನದ ಖರ್ಚಿಗೆ ಗಿಡದ ಹತ್ತಿರ ನೀರಿರುತ್ತದೆ. ಸಂಜೆ ಹಾಕಿದರೂ ನಡೆಯುತ್ತದೆ. ಆದರೆ ಎಲೆ ರಾತ್ರಿಯಿಡೀ ಒದ್ದೆಯಾಗಿದ್ದರೆ ಶಿಲೀಂಧ್ರಕ್ಕೆ ಹಬ್ಬ, ಬಸವನಹುಳಕ್ಕೂ. ಮಧ್ಯಾಹ್ನ ಹಾಕಿದರೆ? ಎಲೆಯ ಮೇಲಿನ ನೀರಿನ ಹನಿ ಭೂತಗನ್ನಡಿಯ ಹಾಗೆ ಬಿಸಿಲನ್ನು ಒಟ್ಟುಮಾಡಿ ಎಲೆಯನ್ನು ಸುಡುತ್ತದೆ ಅಂತ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ, ಅಲ್ವಾ? 2010ರಲ್ಲಿ ಹಂಗೇರಿಯ ಸಂಶೋಧಕರು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ನುಣುಪಾದ ಎಲೆಯ ಮೇಲೆ ಕೂತ ಹನಿ ಎಲೆಯನ್ನು ಸುಡಲಿಲ್ಲ. ಬೆಳಕು ಒಟ್ಟಾಗುವ ಬಿಂದು ಎಲೆಗಿಂತ ಕೆಳಗೆ ಬೀಳುತ್ತದೆ, ಜೊತೆಗೆ ಹನಿಯೇ ಎಲೆಯನ್ನು ತಂಪಾಗಿಡುತ್ತದೆ. ನೀರಿನ ಮೇಲೆ ತೇಲುವ, ಮೈತುಂಬ ರೋಮ ಇರುವ ಒಂದು ಜರಿಗಿಡದಲ್ಲಿ ಮಾತ್ರ, ರೋಮಗಳು ಹನಿಯನ್ನು ಎಲೆಯಿಂದ ಮೇಲೆತ್ತಿ ಹಿಡಿದಾಗ ಸುಟ್ಟ ಗುರುತು ಕಂಡಿತು. ಮಧ್ಯಾಹ್ನದ ನೀರು ಆವಿಯಾಗಿ ಪೋಲಾಗುತ್ತದೆ, ಅದಕ್ಕೇ ಬೇಡ ಅನ್ನುವುದು. ಕುಂಡದ ಸಸಿಯೊಂದು ಮಧ್ಯಾಹ್ನ ಸಾಯುತ್ತಿದ್ದರೆ ಸಂಜೆಯ ತನಕ ಕಾಯಬೇಡಿ, ಹಾಕಿಬಿಡಿ.

ನಿಜವಾಗಿ ಸುಡುವುದು ಪೈಪಿನೊಳಗೆ ನಿಂತ ನೀರು. ಬಿಸಿಲಲ್ಲಿ ಬಿದ್ದ ಪೈಪಿನ ಮೊದಲ ನೀರಿಗೆ ಕೈ ಒಡ್ಡಿದರೆ ಗೊತ್ತಾಗುತ್ತದೆ, ಹಿಡಿಯಲಾಗುವುದಿಲ್ಲ. ಅದನ್ನು ಬಕೆಟ್ಟಿಗೆ ಬಿಟ್ಟು ಆರಿದ ಮೇಲೆ ಬಳಸಿ.

ಕುಂಡಗಳದ್ದು ಬೇರೆಯೇ ಗೋಳು. ಕಪ್ಪು ಪ್ಲಾಸ್ಟಿಕ್ ಕುಂಡದ ಬಿಸಿಲು ಬೀಳುವ ಪಕ್ಕದಲ್ಲಿ ಮಣ್ಣು 45 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಆ ಕಡೆಯ ಬೇರುಗಳು ಬೆಂದೇ ಹೋಗುತ್ತವೆ. ಎಲ್ಲ ಕುಂಡಗಳನ್ನೂ ಒಟ್ಟು ಸೇರಿಸಿ ಗೋಡೆಯ ನೆರಳಿಗೆ ತನ್ನಿ. ದೊಡ್ಡ ಕುಂಡದೊಳಗೆ ಸಣ್ಣ ಕುಂಡ ಇಟ್ಟು ನಡುವೆ ಒಣ ಎಲೆ ತುಂಬಿದರೂ ಆಗುತ್ತದೆ. ಪೀಟ್ (ಜೌಗು ನೆಲದಿಂದ ತೆಗೆದ ಅರೆಕೊಳೆತ ಪಾಚಿ) ಇರುವ ಮಿಶ್ರಣ ಒಂದು ಸಲ ಪೂರ್ತಿ ಒಣಗಿತು ಅಂದರೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೇಲಿಂದ ಹಾಕಿದ್ದು ಕುಂಡದ ಅಂಚಿನ ಸಂದಿಯಿಂದ ಸರ್ ಅಂತ ಇಳಿದು ತಳದಿಂದ ಹೊರಬರುತ್ತದೆ. ನೀರು ಕೆಳಗೆ ಬಂತು, ಸಾಕು ಅಂದುಕೊಳ್ಳುತ್ತೇವೆ. ಒಳಗಿನ ಬೇರಿನ ಮುದ್ದೆ ಒಣಗಿಯೇ ಇರುತ್ತದೆ. ಕುಂಡ ಎತ್ತಿ ನೋಡಿದರೆ ಹಗುರ. ಅಂಥದ್ದನ್ನು ಒಂದು ಟಬ್ ನೀರಿನಲ್ಲಿ ಗುಳ್ಳೆ ಏಳುವುದು ನಿಲ್ಲುವ ತನಕ ಕೂರಿಸಬೇಕು.

ನೀರು ಹಾಕಿದ ಮೇಲೆ ನೆಲ ಮುಚ್ಚುವುದು ನಾನು ಬಿಡದೆ ಮಾಡುವ ಕೆಲಸ. ಒಣ ಹುಲ್ಲು, ತರಗೆಲೆ, ಅರ್ಧ ಕೊಳೆತ ಗೊಬ್ಬರ, ರಟ್ಟು, ಯಾವುದಾದರೂ ಸರಿ. ಐದರಿಂದ ಏಳು ಸೆಂಟಿಮೀಟರ್ ದಪ್ಪ ಸಾಕು. ಒಣಗಿದ ನೆಲದ ಮೇಲೆ ಹೊದಿಸಿದರೆ ಒಣಗಿದ್ದು ಒಣಗಿದಂತೆಯೇ ಉಳಿಯುತ್ತದೆ, ಆಮೇಲೆ ಬಂದ ಸಣ್ಣ ಮಳೆಯೂ ಹೊದಿಕೆಯಲ್ಲೇ ನಿಂತು ಹೋಗುತ್ತದೆ. ಅದಕ್ಕೆ ಮೊದಲು ನೀರು, ಆಮೇಲೆ ಹೊದಿಕೆ. ಕಾಂಡಕ್ಕೆ ತಾಗದ ಹಾಗೆ ಒಂದಿಷ್ಟು ಜಾಗ ಬಿಡಿ. ಹಸಿ ಹುಲ್ಲನ್ನು ದಪ್ಪಗೆ ಸುರಿದರೆ ಅದು ಅಂಟಿಕೊಂಡು, ಬಿಸಿಯಾಗಿ, ನಾರುತ್ತದೆ. ತೆಳ್ಳಗೆ ಹರಡಿ, ಒಣಗಿದ ಮೇಲೆ ಮತ್ತೊಂದು ಪದರ ಹಾಕಿ.

ನೆರಳಿಗೆ ಶೇಡ್ ನೆಟ್ ಬಳಸುವವರು 30ರಿಂದ 50 ಪರ್ಸೆಂಟ್ ನೆರಳು ಕೊಡುವುದನ್ನು ತೆಗೆದುಕೊಂಡರೆ ತರಕಾರಿಗೆ ಸರಿಹೋಗುತ್ತದೆ. ಅದಕ್ಕಿಂತ ದಟ್ಟವಾದರೆ ಕಾಯಿ ಕಚ್ಚುವುದು ಕಡಿಮೆ. ಬಲೆಯನ್ನು ಗಿಡದ ಮೇಲೆ ಹೊದಿಸಬಾರದು, ಕೋಲು ನೆಟ್ಟು ಮೇಲೆ ಕಟ್ಟಬೇಕು, ಗಾಳಿ ಆಡಬೇಕು. ಬಲೆ ಇಲ್ಲದಿದ್ದರೆ ಹಳೆಯ ತೆಳು ಬಟ್ಟೆಯನ್ನು ಪಶ್ಚಿಮದ ಕಡೆ ಕಟ್ಟಿದರೂ ಮಧ್ಯಾಹ್ನದ ಹೊಡೆತ ತಪ್ಪುತ್ತದೆ. ಪ್ಲಾಸ್ಟಿಕ್ ಹಾಳೆ ಮಾತ್ರ ಬೇಡ, ಅದು ಶಾಖವನ್ನು ಒಳಗೇ ಕೂಡಿಹಾಕುತ್ತದೆ.

ಟೊಮೆಟೊ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಈ ದಿನಗಳಲ್ಲಿ ಎಲ್ಲರ ತಲೆಬಿಸಿ ಅದೇ. ಹಗಲು 32 ಡಿಗ್ರಿ ದಾಟಿ, ರಾತ್ರಿಯೂ 21ರಿಂದ 24 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಅದರ ಪರಾಗ ಕೆಡುತ್ತದೆ. ಹೂ ಬಿಡುತ್ತದೆ, ಒಂದೆರಡು ದಿನ ನಿಲ್ಲುತ್ತದೆ, ತೊಟ್ಟಿನ ಗೆಣ್ಣು ಹಳದಿಯಾಗಿ ಉದುರುತ್ತದೆ. ನೀರು ಹಾಕಿ, ಗೊಬ್ಬರ ಹಾಕಿ, ಏನು ಮಾಡಿದರೂ ಅಷ್ಟೇ. ಹವೆ ತಣಿದ ಮೇಲೆ ಬರುವ ಹೂಗಳು ಕಚ್ಚುತ್ತವೆ. ಅಲ್ಲಿಯತನಕ ಗಿಡವನ್ನು ಬದುಕಿಸಿಟ್ಟುಕೊಂಡರೆ ಸಾಕು.

ಇನ್ನು ಗಿಡದಲ್ಲಿ ಈಗಾಗಲೇ ಇರುವ ಕಾಯಿ. ಟೊಮೆಟೊಗೆ ಕೆಂಪು ಬಣ್ಣ ಕೊಡುವುದು ಲೈಕೋಪೀನ್. 30 ಡಿಗ್ರಿ ದಾಟುತ್ತಾ ಹೋದಂತೆ ಅದರ ತಯಾರಿ ಕುಂಠಿತವಾಗುತ್ತದೆ. ಹಳದಿ, ಕಿತ್ತಳೆ ಬಣ್ಣದ ಕ್ಯಾರೋಟಿನ್ ಮಾತ್ರ ತಯಾರಾಗುತ್ತಲೇ ಇರುತ್ತದೆ. ಹಾಗಾಗಿ ಹಣ್ಣು ಎಷ್ಟು ದಿನ ಬಿಟ್ಟರೂ ಕೆಂಪಾಗದೆ ಕಿತ್ತಳೆಯಲ್ಲೇ ನಿಲ್ಲುತ್ತದೆ, ಮೇಲ್ಭಾಗದಲ್ಲಿ ಗಟ್ಟಿ ಹಳದಿ ಕಲೆ ಉಳಿಯುತ್ತದೆ. ಬಿಸಿಲಿನಲ್ಲಿ ಬಿಟ್ಟರೆ ಹಣ್ಣಾಗುತ್ತದೆ ಅನ್ನುವುದು ಇಂಥ ದಿನಗಳಲ್ಲಿ ತಿರುಗುಮುರುಗು. ಕಾಯಿಯ ತಳದಲ್ಲಿ ತಿಳಿಗುಲಾಬಿ ಬಣ್ಣ ಕಂಡ ತಕ್ಷಣ ಕಿತ್ತು ಮನೆಯೊಳಗೆ ನೆರಳಲ್ಲಿಡಿ. ಹಣ್ಣಾಗಲು ಅದಕ್ಕೆ ಬೆಳಕೇ ಬೇಡ. ಫ್ರಿಜ್ಜಿನಲ್ಲಿಡಬೇಡಿ, ರುಚಿ ಹೋಗುತ್ತದೆ.

ಹಣ್ಣಿನ ತಳ ಕಪ್ಪಗಾಗಿ, ಚರ್ಮದ ಹಾಗೆ ಬಿರುಸಾಗುವುದೂ ಈಗಲೇ. ಕ್ಯಾಲ್ಸಿಯಂ ಕೊರತೆ ಅಂತ ಮೊಟ್ಟೆ ಚಿಪ್ಪು, ಸುಣ್ಣ ಹಾಕಲು ಹೊರಡುತ್ತಾರೆ. ಕ್ಯಾಲ್ಸಿಯಂ ಮಣ್ಣಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದು ಗಿಡದಲ್ಲಿ ಓಡಾಡುವುದು ನೀರಿನ ಜೊತೆ. ನೀರು ಒಂದು ದಿನ ಇದೆ, ಮೂರು ದಿನ ಇಲ್ಲ ಅಂದರೆ ಹಣ್ಣಿನ ತುದಿಯ ತನಕ ತಲುಪುವುದಿಲ್ಲ. ಮದ್ದು ಒಂದೇ, ಏರುಪೇರಿಲ್ಲದ ನೀರು. ಮೊಟ್ಟೆ ಚಿಪ್ಪು ಕರಗುವ ಹೊತ್ತಿಗೆ ಬೆಳೆಯೇ ಮುಗಿದಿರುತ್ತದೆ.

ಅದೇ ಟೊಮೆಟೊದ ಕೆಳ ಎಲೆಗಳನ್ನು ಗಾಳಿ ಆಡಲಿ ಅಂತ ಸವರುವ ರೂಢಿ ಇದೆಯಲ್ಲ, ಅದನ್ನು ಈ ವಾರ ನಿಲ್ಲಿಸಿ. ಹಣ್ಣಿಗೆ ಅವೇ ಕೊಡೆ. ಎಲೆ ತೆಗೆದರೆ ಬಿಸಿಲು ಬಿದ್ದ ಪಕ್ಕ ಬೆಳ್ಳಗಾಗಿ, ಸುಕ್ಕುಗಟ್ಟಿ, ಕೊಳೆಯುತ್ತದೆ. ಬೇರೆ ಗಿಡಗಳದ್ದೂ ಅಷ್ಟೇ. ಸುಟ್ಟ ಎಲೆ ನೋಡಲು ಚೆನ್ನಾಗಿಲ್ಲ, ನಿಜ. ಆದರೂ ಅದು ಕೆಳಗಿನ ಎಲೆಗೆ ನೆರಳು. ಕತ್ತರಿಸಿದರೆ ಹೊಸ ಚಿಗುರು ಒಡೆಯುತ್ತದೆ, ಆ ಚಿಗುರು ಈ ಬಿಸಿಲಿಗೆ ತಡೆಯುವುದಿಲ್ಲ. ಗೊಬ್ಬರ ಬೇಡ ಅನ್ನುವುದಕ್ಕೂ ಕಾರಣ ಹತ್ತಿರದ್ದೇ. ಒಣ ಮಣ್ಣಿನಲ್ಲಿ ಗೊಬ್ಬರದ ಉಪ್ಪಿನಂಶ ಜಾಸ್ತಿಯಾದರೆ ಬೇರಿಗೆ ನೀರು ಎಳೆಯುವುದೇ ಕಷ್ಟ. ಸಸಿ ಕಿತ್ತು ನೆಡುವುದನ್ನೂ ಮುಂದಕ್ಕೆ ಹಾಕಿ. ಬೇವಿನ ಎಣ್ಣೆ, ಗಂಧಕ ಸಿಂಪಡಿಸುವುದಂತೂ ಬೇಡವೇ ಬೇಡ. 30 ಡಿಗ್ರಿ ಮೀರಿದ ಬಿಸಿಲಲ್ಲಿ ಅವು ಎಲೆಯನ್ನೇ ಸುಡುತ್ತವೆ.

ಸಿಂಪಡಿಸದೆ ನುಸಿಗೆ ಏನು ಮಾಡುವುದು ಅಂತ ಕೇಳಬಹುದು. ಒಣ ಶಾಖ ಅಂದರೆ ನುಸಿಗೆ ಪ್ರಾಣ. ಹುರುಳಿಕಾಯಿ ಗಿಡದ ಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಹಳದಿ ಚುಕ್ಕೆಗಳು ಕಂಡರೆ ಎಲೆ ತಿರುಗಿಸಿ ನೋಡಿ. ನರದ ಪಕ್ಕದಲ್ಲಿ ಧೂಳು ಕೂತಂತೆ ಕಾಣುತ್ತದೆ. ದಿಟ್ಟಿಸಿದರೆ ಧೂಳು ನಡೆದಾಡುತ್ತಿರುತ್ತದೆ. ಅಲ್ಲಲ್ಲಿ ಕೂದಲಿಗಿಂತ ತೆಳುವಾದ ಬಲೆ. ಇಷ್ಟು ಬಿಸಿಯಲ್ಲಿ ಅವುಗಳ ಒಂದು ತಲೆಮಾರು ಹೆಚ್ಚುಕಡಿಮೆ ವಾರದಲ್ಲಿ ಮುಗಿದು ಇನ್ನೊಂದು ಶುರುವಾಗುತ್ತದೆ. ಬೆಳಗ್ಗೆ ಎಲೆಯ ಕೆಳಗಿನಿಂದ ಮೇಲಕ್ಕೆ ನೀರು ರಭಸವಾಗಿ ಹೊಡೆದರೆ ಬಹಳಷ್ಟು ಕೊಚ್ಚಿ ಹೋಗುತ್ತವೆ. ಎರಡು ಮೂರು ದಿನಕ್ಕೊಮ್ಮೆ ಹೀಗೆ ಮಾಡಿದರೆ ಹತೋಟಿಗೆ ಬರುತ್ತವೆ. ಎಲೆ ತೋಯಿಸಬೇಡಿ ಅಂತ ಹೇಳುವವನು ನಾನೇ, ಇಲ್ಲಿ ಮಾತ್ರ ತೋಯಿಸಿ ಅನ್ನುತ್ತೇನೆ.

ಸೊಪ್ಪುಗಳನ್ನು ಉಳಿಸಿಕೊಳ್ಳುವ ಆಸೆ ಬಿಡುವುದು ಒಳ್ಳೆಯದು. ಕೊತ್ತಂಬರಿ, ಪಾಲಕ್, ಲೆಟ್ಯೂಸ್ ಶಾಖ ತಾಗಿದ ಕೂಡಲೇ ದಂಟು ಎತ್ತಿ ಹೂ ಬಿಡುತ್ತವೆ. ಚಿವುಟಿದರೂ ನಿಲ್ಲುವುದಿಲ್ಲ, ಎಲೆಯೂ ಕಹಿ. ಕೊತ್ತಂಬರಿಯನ್ನು ಹೂವಿಗೆ ಬಿಟ್ಟುಬಿಡಿ. ಜೇನ್ನೊಣ ಬರುತ್ತವೆ, ಬೀಜವೂ ಸಿಗುತ್ತದೆ. ಲೆಟ್ಯೂಸ್ ಬೀಜವನ್ನು ಈಗ ಹಾಕಿದರೆ ಮೊಳೆಯುವುದೂ ಅನುಮಾನ. ಮಣ್ಣು 30 ಡಿಗ್ರಿಯ ಆಸುಪಾಸು ಕಾದಿದ್ದರೆ ಅದರ ಬಹಳಷ್ಟು ತಳಿಗಳ ಬೀಜ ಹಾಗೇ ಮಲಗಿಬಿಡುತ್ತದೆ. ಬಿತ್ತಲೇಬೇಕಾದರೆ ನೆರಳಿನ ತಟ್ಟೆಯಲ್ಲಿ, ಸಂಜೆ ಬಿತ್ತಿ.

ಬಿಸಿಲು ನಮ್ಮ ಪರವಾಗಿ ಮಾಡಿಕೊಡುವ ಕೆಲಸವೂ ಒಂದಿದೆ, ಕಳೆ. ಬೆಳಗ್ಗೆ ಬೇಗ ಮೇಲೆ ಮೇಲೆ ಕೆರೆದು ಬಿಟ್ಟರೆ ಸಾಕು, ಮಧ್ಯಾಹ್ನದೊಳಗೆ ಅವು ಹಪ್ಪಳ. ಆಳಕ್ಕೆ ಅಗೆಯಬೇಡಿ, ಕೆಳಗಿನ ತೇವ ಮೇಲೆ ಬಂದು ಆರಿ ಹೋಗುತ್ತದೆ.

ಗೊಬ್ಬರದ ಗುಂಡಿಗೂ ಒಂದು ಬಕೆಟ್ ನೀರು ಇರಲಿ. ಒಣಗಿದರೆ ಕೊಳೆಯುವುದು ನಿಂತೇ ಹೋಗುತ್ತದೆ. ಹಕ್ಕಿಗಳಿಗೆ ಅಗಲ ತಟ್ಟೆಯಲ್ಲಿ ನೀರಿಟ್ಟರೆ ಅದರಲ್ಲಿ ನಾಲ್ಕು ಕಲ್ಲು ಹಾಕಿ, ಜೇನ್ನೊಣ ಕೂರಲು ಜಾಗ ಬೇಕು. ನೀರು ತುಂಬಿಟ್ಟ ಡ್ರಮ್ಮಿನ ಬಾಯಿಯನ್ನು ಬಲೆಯಿಂದ ಬಿಗಿಯಾಗಿ ಕಟ್ಟಿ. ಬೆಚ್ಚಗಿನ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ತನಕ ಬರಲು ಏಳರಿಂದ ಹತ್ತು ದಿನ ಸಾಕು.

ಗಿಡದ ಬಗ್ಗೆ ಇಷ್ಟು ಹೇಳಿ ಮನುಷ್ಯರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಹಂಚಿಕೆ ಜಾಗದ ತೋಟಗಳಲ್ಲಿ ವಯಸ್ಸಾದವರು ಒಬ್ಬರೇ ಬಂದು ಗಂಟೆಗಟ್ಟಲೆ ಬಗ್ಗಿ ಕೆಲಸ ಮಾಡುತ್ತಿರುತ್ತಾರೆ. ಇನ್ನೊಂದೇ ಸಾಲು ಅಂತ ಹನ್ನೊಂದು ಗಂಟೆ ದಾಟಿರುತ್ತದೆ. ತಲೆನೋವು, ಸುಸ್ತು, ಸ್ನಾಯು ಸೆಳೆತ, ವಾಂತಿ ಬಂದಂತಾಗುವುದು ಶುರುವಾದರೆ ಗುದ್ದಲಿ ಅಲ್ಲೇ ಬಿಟ್ಟು ನೆರಳಿಗೆ ಬರಬೇಕು, ನೀರು ಕುಡಿಯಬೇಕು, ಮೈ ತೋಯಿಸಿಕೊಳ್ಳಬೇಕು. ಮಾತು ತೊದಲಿದರೆ, ಗೊಂದಲವಾದಂತೆ ಕಂಡರೆ, ಮೈಯ ಶಾಖ 40 ಡಿಗ್ರಿ ಮುಟ್ಟಿದರೆ ಅದು ಹೀಟ್ ಸ್ಟ್ರೋಕ್. ಆಂಬುಲೆನ್ಸ್ ಕರೆಯಬೇಕು, ಅದು ಬರುವ ತನಕ ಮೈ ಮೇಲೆ ನೀರು ಹಾಕಿ ಗಾಳಿ ಬೀಸುತ್ತಲೇ ಇರಬೇಕು. ಪಕ್ಕದ ಪಾತಿಯವರು ಬೆಳಗ್ಗೆ ಬಂದಿದ್ದರು, ಹೋದರೋ ಇಲ್ಲವೋ ಅಂತ ಒಂದು ಕಣ್ಣು ಇಟ್ಟಿರುವುದು ಒಳ್ಳೆಯದು.

ಕೊನೆಗೆ ಬಿಸಿ ಇಳಿದು ಮಳೆ ಬರುತ್ತದೆ. ಗಟ್ಟಿಯಾದ ನೆಲದ ಮೇಲೆ ಮೊದಲ ಮಳೆ ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಮುಂಚೆಯೇ ಮೇಲ್ಮಣ್ಣನ್ನು ಸ್ವಲ್ಪ ಸಡಿಲ ಮಾಡಿಟ್ಟಿದ್ದರೆ ಒಳಗಿಳಿಯುತ್ತದೆ. ಬಣ್ಣ ತಿರುಗಿದ ಟೊಮೆಟೊಗಳನ್ನು ಮಳೆಗೆ ಮುಂಚೆ ಬಿಡಿಸಿಕೊಳ್ಳಿ, ಒಮ್ಮೆಲೇ ನೀರು ಕುಡಿದರೆ ಸಿಪ್ಪೆ ಬಿರಿಯುತ್ತದೆ. ಸತ್ತಂತೆ ಕಾಣುವ ಪೊದೆಗಳನ್ನು ಕೀಳಲು ಹೋಗಬೇಡಿ. ಉಗುರಿನಿಂದ ತೊಗಟೆ ಕೆರೆದು ನೋಡಿ, ಕೆಳಗೆ ಹಸಿರಿದ್ದರೆ ಜೀವ ಇದೆ. ಬದನೆ, ಮೆಣಸಿನ ಗಿಡಗಳನ್ನು ಉಳಿಸಿಕೊಳ್ಳಿ, ತಣಿದ ಮೇಲೆ ಹೊಸ ಹೂ ಬಿಡುತ್ತವೆ. ಗೊಬ್ಬರ, ಕತ್ತರಿ ಎರಡಕ್ಕೂ ಈಗ ಸಮಯ. ನುಸಿ ತಿಂದು ಒಣಗಿದ ಹುರುಳಿಕಾಯಿ ಗಿಡಗಳಿಗೆ ಮಾತ್ರ ಆರೈಕೆ ಮಾಡುತ್ತಾ ಕೂರಬೇಡಿ. ಕಿತ್ತು ದೂರ ಹಾಕಿ, ಅದೇ ವಾರ ಹೊಸ ಬೀಜ ಬಿತ್ತಿ.